‘ಯಾರು ಹೇಳಿದ್ದು?’ ಎಂದು ಕೇಳುವ ಊರಿನಲ್ಲಿ

ಅಮರ್ಸ್‌ಫೋರ್ಟ್

ರೈಲು ನಡುದಾರಿಯಲ್ಲಿ ಎರಡು ಪಾಲಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ, ಹತ್ತಿ ಕೂತರೆ ನೇರವಾಗಿ ಗ್ರೋನಿಂಗನ್‌ಗೆ ಬಂದು ಇಳಿಯಬಹುದು ಎಂದು ಅಲ್ಲಿ ನನ್ನನ್ನು ಮನೆಯಲ್ಲಿರಿಸಿಕೊಳ್ಳಲಿದ್ದ ಮರೈಕೆ ಬರೆದಿದ್ದಳು. ಅದನ್ನು ನಂಬಿ, ದೊಡ್ಡ ಸೂಟ್‌ಕೇಸನ್ನು ಮೊಣಕಾಲಿಗೆ ಒತ್ತಿಕೊಂಡು, ಕಿಟಕಿಯಾಚೆ ಹುಲ್ಲು ಮೇಯುತ್ತಿದ್ದ ದನಗಳನ್ನು ನೋಡುತ್ತ ಕೂತೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನನ್ನನ್ನು, ಅಧ್ಯಾಪಕರ ವಿನಿಮಯದ ಹೆಸರಿನಲ್ಲಿ, ಒಂದು ಶರತ್ಕಾಲದ ಮಟ್ಟಿಗೆ ಡಚ್ಚರ ನಾಡಿನ ಆ ಊರಿಗೆ ಕಳಿಸಿದ್ದರು. ಅಲ್ಲಿಯವರೆಗೆ ನಾನು ನೋಡಿದ್ದ ಅತಿ ದೂರದ ಊರು ಹೈದರಾಬಾದು.

ಅಮರ್ಸ್‌ಫೋರ್ಟ್ ಎಂಬ ಸ್ಟೇಷನ್ನಿನಲ್ಲಿ ಧ್ವನಿವರ್ಧಕ ಏನೋ ಹೇಳಿತು. ಗಂಟಲು ಸರಿಮಾಡಿಕೊಂಡಂತೆ ಕೇಳುವ ಆ ಭಾಷೆಯಲ್ಲಿ ನನಗೊಂದು ಪದವೂ ತಿಳಿಯಲಿಲ್ಲ. ನಮ್ಮ ಅರಸೀಕೆರೆ ಸ್ಟೇಷನ್ನಿನ ಪ್ರಕಟಣೆಯಂತೆ ಇದೂ ಸುಮ್ಮನೆ ಶಬ್ದವಿರಬೇಕು ಎಂದುಕೊಂಡೆ. ಕೆಲವರು ಎದ್ದು ಮುಂದಿನ ಡಬ್ಬಿಗಳ ಕಡೆ ಹೋದರು. ನಾನು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಬಂದ ಕಂಡಕ್ಟರು ನನ್ನ ಟಿಕೆಟ್ ನೋಡಿ ಬೇಸರದಿಂದ ತಲೆ ಅಲ್ಲಾಡಿಸಿದರು.

“ಗ್ರೋನಿಂಗನ್ ನಿಮ್ಮನ್ನು ಬಿಟ್ಟು ಹೋಯಿತಲ್ಲ, ಮೇಡಂ. ಈ ಅರ್ಧ ಎನ್ಸ್‌ಕೆಡೆಗೆ ಹೋಗುತ್ತದೆ.”

ಎದುರು ಕೂತಿದ್ದ ಹುಡುಗ ತಕ್ಷಣ ಚೀಲದಿಂದ ಇಟ್ಟಿಗೆ ಗಾತ್ರದ ವೇಳಾಪಟ್ಟಿಯ ಪುಸ್ತಕ ತೆಗೆದ. ಡೆವೆಂಟರ್‌ನಲ್ಲಿ ಇಳಿಯಿರಿ, ಅಲ್ಲಿಂದ ಜ್ವೊಲ್ಲೆ, ಜ್ವೊಲ್ಲೆಯಿಂದ ಗ್ರೋನಿಂಗನ್ ಎಂದು ಚೀಟಿಯಲ್ಲಿ ಅಂದವಾಗಿ ಬರೆದುಕೊಟ್ಟ. ಅಷ್ಟು ಹೊತ್ತೂ ಅವನು ನನ್ನ ಸೂಟ್‌ಕೇಸಿನ ಮೇಲೆ ದಪ್ಪಕ್ಷರದಲ್ಲಿದ್ದ ‘ಗ್ರೋನಿಂಗನ್’ ಎಂಬ ಚೀಟಿಯ ಎದುರೇ ಕೂತಿದ್ದ.

“ಮೊದಲೇ ಹೇಳಬಾರದಿತ್ತೇ?” ಎಂದೆ.

“ನೀವು ಕೇಳಲಿಲ್ಲವಲ್ಲ,” ಎಂದ ಅವನು. ಮಾತಿನಲ್ಲಿ ಕೊಂಕಿರಲಿಲ್ಲ.

ನಮ್ಮ ಕಡೆಯಾಗಿದ್ದರೆ ಬೋಗಿಯಲ್ಲಿದ್ದವರೆಲ್ಲ ಸೇರಿ ಎಲ್ಲಿಗೆ, ಯಾಕೆ, ಯಜಮಾನರು ಯಾಕೆ ಬರಲಿಲ್ಲ ಎಂದೆಲ್ಲ ವಿಚಾರಿಸಿ, ನನ್ನ ಸಾಮಾನನ್ನು ತಾವೇ ಹೊತ್ತು ಸರಿಯಾದ ಡಬ್ಬಿಗೆ ಹತ್ತಿಸಿರುತ್ತಿದ್ದರು. ಕೇಳದೆ ಹೇಳುವುದು ನಮ್ಮ ಪ್ರೀತಿ. ಕೇಳದ ಹೊರತು ಹೇಳದಿರುವುದು ಅವರ ಮರ್ಯಾದೆ. ಡೆವೆಂಟರ್ ಪ್ಲಾಟ್‌ಫಾರ್ಮಿನ ಗಾಳಿಯಲ್ಲಿ ನಡುಗುತ್ತ ನಿಂತಾಗ ನನಗೆ ಆ ಮರ್ಯಾದೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಮರೈಕೆಯ ಮನೆ

ಮರೈಕೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದಳು. ಐವತ್ತು ದಾಟಿದವಳು, ಒಂಟಿ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮೊದಲ ದಿನವೇ “ನನಗೆ ಮೇಡಂ ಅನ್ನಬೇಡ, ಮರೈಕೆ ಅಂದರೆ ಸಾಕು,” ಎಂದಳು. ನನಗಾಗಿ ಮಹಡಿಯ ಕೋಣೆ ತೆರವು ಮಾಡಿದ್ದಳು. ಆ ಮಹಡಿಯ ಮೆಟ್ಟಿಲಿಗೂ ನಮ್ಮ ಅಟ್ಟಕ್ಕೆ ಒರಗಿಸುವ ಏಣಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಸೀರೆಯುಟ್ಟು ಇಳಿಯುವಾಗ ದಿನವೂ ಇಷ್ಟದೇವರನ್ನು ನೆನೆಯುತ್ತಿದ್ದೆ.

ಆ ಬೀದಿಯ ಮನೆಗಳ ಕಿಟಕಿಗಳಿಗೆ ಪರದೆ ಇರುತ್ತಿತ್ತು, ಯಾರೂ ಎಳೆಯುತ್ತಿರಲಿಲ್ಲ. ಸಂಜೆ ಹಾದುಹೋಗುವಾಗ ದೀಪದ ಬೆಳಕಿನಲ್ಲಿ ಒಬ್ಬರು ಆಲೂಗಡ್ಡೆ ಸುಲಿಯುವುದು, ಇನ್ನೊಬ್ಬರು ಪೇಪರ್ ಓದುವುದು ಎಲ್ಲವೂ ಕಾಣುತ್ತಿತ್ತು. ನೋಡಬಾರದೆಂದುಕೊಂಡೇ ನೋಡುತ್ತಿದ್ದೆ. ಮರೈಕೆಯ ಶೌಚಾಲಯದ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿತ್ತು, ಅದರ ತುಂಬ ಬಂಧುಮಿತ್ರರ ಹುಟ್ಟುಹಬ್ಬಗಳು. “ದಿನವೂ ತಪ್ಪದೆ ಕೂರುವ ಜಾಗ ಅದೊಂದೇ, ಅಲ್ಲಿದ್ದರೆ ಮರೆಯುವುದಿಲ್ಲ,” ಎಂದಳು. ನನ್ನ ಹೆಸರನ್ನೂ ಅಲ್ಲಿ ಬರೆದಳು. ಆ ಮನೆಯಲ್ಲಿ ನಾನು ಅತಿಥಿಯ ಸ್ಥಾನದಿಂದ ಮೇಲೇರಿದ್ದು ಹಾಗೆ.

ಒಂದು ಬೆಳಿಗ್ಗೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಸೀರೆ ಚೆಂದ ಇದೆ. ಈ ಗಾಳಿಗೆ ಮಾತ್ರ ಶುದ್ಧ ದಡ್ಡತನ,” ಎಂದಳು. ಇಡೀ ದಿನ ಮುಖ ಗಂಟುಹಾಕಿಕೊಂಡು ಓಡಾಡಿದೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಸಂಜೆ ಬಾಗಿಲ ಬಳಿ ತನ್ನ ಹಳೆಯ ಉಣ್ಣೆ ಕೋಟನ್ನು ನನಗಾಗಿ ತೆಗೆದಿಟ್ಟಿದ್ದಳು. ತೋಳನ್ನು ಎರಡು ಸುತ್ತು ಮಡಚಿಕೊಂಡು ಹಾಕಿಕೊಂಡೆ. ದಡ್ಡತನ ಎಂದವಳೂ ಕೋಟು ಕೊಟ್ಟವಳೂ ಒಬ್ಬಳೇ ಎಂಬುದನ್ನು ಒಟ್ಟಿಗೆ ಹಿಡಿಯಲು ನನಗೆ ಕೆಲವು ವಾರ ಬೇಕಾಯಿತು.

ತರಗತಿ

ನಮ್ಮ ತರಗತಿಯಲ್ಲಿ ಹೆಚ್ಚು ಜನರಿರಲಿಲ್ಲ. ಡಚ್ಚರು, ಇಬ್ಬರು ಪೋಲೆಂಡಿನವರು, ಒಬ್ಬಳು ಇಂಡೋನೇಷ್ಯಾದವಳು, ಮತ್ತೆ ಹಿಂದಿನ ಸಾಲಿನಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿದ್ದ ಒಬ್ಬ ಕಪ್ಪನೆಯ ಹುಡುಗ. ವ್ಯಾಕರಣ ನನ್ನ ಪಾಲು. ವಾದವನ್ನು ಬಿಡಿಸಿ ನೋಡುವುದು, ಅಂದರೆ ಲೇಖಕ ಏನನ್ನು ಸಾಧಿಸಹೊರಟಿದ್ದಾನೆ, ಅದಕ್ಕೆ ಕೊಡುವ ಆಧಾರವೇನು ಎಂದು ಪರೀಕ್ಷಿಸುವುದು, ಮರೈಕೆಯ ಪಾಲು.

ಊರಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಮುಂದೆ ‘ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಿಸಿ’ ಎಂದು ಕೂಗಿ ಗಂಟಲು ಹರಿದುಕೊಂಡವಳಿಗೆ ಇದು ಪಿಕ್‌ನಿಕ್ಕಿನಂತಿತ್ತು. ಅಲ್ಲಿಯೂ ತಪ್ಪುಗಳಿಗೆ ಬರವಿರಲಿಲ್ಲ. ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎನ್ನಲು ನಮ್ಮ ಮಕ್ಕಳು ‘ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆಯುತ್ತಾರಲ್ಲ, ಡಚ್ ಮಕ್ಕಳೂ ಹಾಗೆಯೇ ಬರೆಯುತ್ತಿದ್ದರು. ಅವರ ಭಾಷೆಯ ನಡೆಯೂ ಆ ಜಾಗದಲ್ಲಿ ನಮ್ಮ ಭಾಷೆಯಂತೆಯೇ. ನನ್ನ ಕೆಂಪು ಪೆನ್ನಿಗೆ ತವರಿಗೆ ಬಂದಷ್ಟು ಸಂತೋಷವಾಯಿತು.

ಮೊದಲ ದಿನ ತರಗತಿ ಮುಗಿದಾಗ ಆ ಸ್ವೆಟರ್ ಹುಡುಗ ಬಾಗಿಲಲ್ಲೇ ಕಾದಿದ್ದ.

“ಮೇಡಂ, ನೀವು ಕನ್ನಡದವರೇನ್ರಿ? ಬೋರ್ಡಿನ ಮ್ಯಾಲ ನಿಮ್ಮ ಹೆಸರ ಓದಿ ಹಂಗ ಅನಿಸ್ತು.”

“ಹೌದಪ್ಪ, ತುಮಕೂರು. ನೀವು?”

“ಸಿಂಧನೂರ ಹತ್ರ ಹಳ್ಳಿರಿ. ಬಸವರಾಜ ಅಂತ. ನನಗ ‘ನೀವು’ ಅನಬ್ಯಾಡ್ರಿ, ‘ನೀನು’ ಅನ್ರಿ. ಎಷ್ಟು ತಿಂಗಳಾತು ಯಾರೂ ನನಗ ‘ನೀನು’ ಅಂದಿಲ್ಲ.”

ಅವನು ಮಣ್ಣು ಮತ್ತು ನೀರಿನ ಮೇಲೆ ಸಂಶೋಧನೆ ಮಾಡಲು ಬಂದವನು. ಕಾಲುವೆ ನೀರು ಹರಿದು ಹರಿದು ಅವನ ಕಡೆಯ ಎರೆಭೂಮಿ ಉಪ್ಪುಗಟ್ಟಿ ಸವುಳಾಗುತ್ತಿತ್ತು. ಅದಕ್ಕೆ ಮದ್ದು ಹುಡುಕುವುದು ಅವನ ಆಸೆ. ಮೊದಲ ವರ್ಷ ಮುಗಿಯುವುದರೊಳಗೆ ಸಂಶೋಧನೆಯ ಪ್ರಸ್ತಾವವನ್ನು ಅವನ ವಿಭಾಗದ ಸಮಿತಿ ಒಪ್ಪಬೇಕಿತ್ತು. ಡಿಸೆಂಬರ್ ಅದರ ಗಡುವು. ಒಪ್ಪದಿದ್ದರೆ ವಾಪಸು ಊರಿಗೆ. ಬರವಣಿಗೆ ಸಾಲದು ಎಂದು ಅವರೇ ಅವನನ್ನು ನಮ್ಮ ತರಗತಿಗೆ ಕಳಿಸಿದ್ದರು.

ಮಾರ್ಜಿನ್ನಿನ ಎರಡು ಪದ

ಅಕ್ಟೋಬರಿನಲ್ಲಿ ಮರೈಕೆ ಮಕ್ಕಳನ್ನು ಜೋಡಿ ಮಾಡಿದಳು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಮಾರ್ಜಿನ್ನಿನಲ್ಲಿ ಟಿಪ್ಪಣಿ ಹಾಕಿ ತಿದ್ದಿಕೊಡಬೇಕು. ವಿದ್ಯಾರ್ಥಿಯ ಬರಹವನ್ನು ವಿದ್ಯಾರ್ಥಿಯೇ ತಿದ್ದುವುದು ನನಗೆ ಹೊಸದು. ಹಾಗಾದರೆ ನಾವ್ಯಾಕೆ ಎಂದು ಕೇಳಿದೆ. “ನಾವು ಮನೆಗೆ ಹೋದ ಮೇಲೆ ಅವರನ್ನು ಯಾರು ತಿದ್ದುತ್ತಾರೆ?” ಎಂದಳು ಮರೈಕೆ.

ಬಸವರಾಜನ ಜೋಡಿ ಯೋಸ್ಟ್. ಜೋಳದ ಕೂದಲಿನಂಥ ತಲೆಯ, ನಿಂತಲ್ಲಿ ನಿಲ್ಲದ ಹುಡುಗ. ಅವನ ಪ್ರಬಂಧದ ವಾದವೆಂದರೆ, ಡಚ್ ವಿಶ್ವವಿದ್ಯಾಲಯಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು, ಸಣ್ಣ ಭಾಷೆಗೆ ವಿಜ್ಞಾನದಲ್ಲಿ ಕೆಲಸವಿಲ್ಲ. ಬಸವರಾಜನದು ಅವನ ಪ್ರಸ್ತಾವದ ಕರಡು. ಸಮುದ್ರದ ತಳವಾಗಿದ್ದ ನೆಲದಿಂದ ಡಚ್ಚರು ಉಪ್ಪು ತೆಗೆದು ಬೆಳೆ ಬೆಳೆದಿದ್ದಾರೆ, ಆದ್ದರಿಂದ ಅದೇ ಪದ್ಧತಿ ನಮ್ಮ ಸವುಳು ಭೂಮಿಗೂ ಒಗ್ಗುತ್ತದೆ, ಹಾಗೆಂದು ಊರಿನಲ್ಲಿರುವ ನಮ್ಮ ಪ್ರೊಫೆಸರ್ ಹೇಳುತ್ತಾರೆ.

ಮರುವಾರ ಇಬ್ಬರೂ ತಿದ್ದಿದ ಹಾಳೆಗಳನ್ನು ಪರಸ್ಪರ ವಾಪಸು ಕೊಟ್ಟರು. ಬಸವರಾಜನ ಮುಖ ನೋಡುನೋಡುತ್ತಿದ್ದಂತೆ ಕಪ್ಪಿಟ್ಟಿತು. ಪ್ರೊಫೆಸರ್ ಹೆಸರಿನ ಪಕ್ಕದ ಮಾರ್ಜಿನ್ನಿನಲ್ಲಿ ಯೋಸ್ಟ್ ‘ಹೂ ಸೇಸ್?’ ಎಂದು ಗೀಚಿದ್ದ. ಯಾರು ಹೇಳಿದ್ದು? ಅದರ ಕೆಳಗೆ, ‘ಅವರು ಯಾರು? ನಾನೇಕೆ ನಂಬಬೇಕು?’ ಬಸವರಾಜ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿ ಹೊರಟುಹೋದ. ಮುಂದಿನ ತರಗತಿಗೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.

ವಿಚಿತ್ರವೆಂದರೆ ದೂರು ಹೊತ್ತು ಮೊದಲು ನನ್ನ ಬಳಿ ಬಂದವನು ಯೋಸ್ಟ್. ತನ್ನ ಪ್ರಬಂಧವನ್ನು ಮೇಜಿನ ಮೇಲಿಟ್ಟ. ಐದು ಪುಟದ ಕೊನೆಗೆ ಬಸವರಾಜನ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: ‘ವೆರಿ ಗುಡ್. ನೈಸ್ ಎಸ್ಸೇ.’

“ಅವನು ಇದನ್ನು ಓದಲೇ ಇಲ್ಲ,” ಎಂದ. “ನಾನು ಎರಡು ಸಂಜೆ ಅವನದನ್ನೇ ಇಟ್ಟುಕೊಂಡು ಕೂತಿದ್ದೆ. ನನ್ನ ಬರಹ ಅಷ್ಟು ಸಮಯಕ್ಕೂ ಯೋಗ್ಯವಲ್ಲವಾ?”

ಪ್ರಶಂಸೆಯಿಂದ ಒಬ್ಬ ಮನುಷ್ಯನಿಗೆ ಅವಮಾನವಾದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಬ್ಬ ಗೌರವ ಕೊಡಲೆಂದು ಹೊಗಳಿದ್ದ, ಇನ್ನೊಬ್ಬ ಗೌರವ ಕೊಡಲೆಂದೇ ತೆಗಳಿದ್ದ. ಇಬ್ಬರೂ ನೊಂದಿದ್ದರು. ಇಬ್ಬರಿಗೂ ಅರ್ಥವಾಗುವವಳು ಆ ಕಟ್ಟಡದಲ್ಲಿ ನಾನೊಬ್ಬಳೇ ಅನ್ನಿಸಿ, ಮರೈಕೆಯ ಕೋಟು ಹಾಕಿಕೊಂಡು ಬಸವರಾಜನನ್ನು ಹುಡುಕಿ ಹೊರಟೆ.

ಕಾಲುವೆ ದಂಡೆಯ ಅಡುಗೆಮನೆ

ದಾರಿಯುದ್ದಕ್ಕೂ ಸೈಕಲ್ಲುಗಳ ಗಂಟೆ. ಕೆಂಪು ಬಣ್ಣದ ಪಟ್ಟಿ ಸೈಕಲ್ಲಿನದು, ನಡೆಯುವವರದಲ್ಲ ಎಂಬುದು ನನ್ನ ಕಾಲಿಗೆ ಇನ್ನೂ ಒಗ್ಗಿರಲಿಲ್ಲ. ಮಗುವನ್ನು ಮುಂದೆ, ತರಕಾರಿಯನ್ನು ಹಿಂದೆ ಕೂರಿಸಿಕೊಂಡ ಒಬ್ಬ ತಾಯಿ ನನ್ನನ್ನು ಸವರಿಕೊಂಡು ಹೋಗುತ್ತ ಏನೋ ಅಂದಳು. ಬೈಗುಳವೇ ಇರಬೇಕು. ಮಳೆ ಬೇರೆ, ನೆಟ್ಟಗೆ ಬೀಳದೆ ಅಡ್ಡಡ್ಡ ಬರುತ್ತಿತ್ತು.

ಕಾಲುವೆ ದಂಡೆಯ ಹಳೇ ಮನೆಯೊಂದರಲ್ಲಿ ಬಸವರಾಜ ಇತರ ವಿದ್ಯಾರ್ಥಿಗಳ ಜೊತೆ ಇದ್ದ. ನನ್ನನ್ನು ಕಂಡು ಗಾಬರಿಯಾಗಿ ಅಡುಗೆಮನೆಯ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿಕೊಂಡ. ಬ್ರೆಡ್ಡಿಗೆ ಮೊಸರು ಸವರಿ, ಅದರ ಮೇಲೆ ಅವ್ವ ಕಳಿಸಿದ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಉದುರಿಸಿ ಕೊಟ್ಟ. ಒಂದು ತುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು, ಅರ್ಧ ಖಾರಕ್ಕೆ.

“ತರಗತಿಗೆ ಯಾಕಪ್ಪಾ ಬರ್ತಿಲ್ಲ?”

“ನಾ ಬರಂಗಿಲ್ರಿ ಮೇಡಂ. ನಾ ಬರದಿದ್ದು ತಪ್ಪಂದಿದ್ರ ತಡಕೋತಿದ್ದೆ. ನಮ್ಮ ಸರ್‌ನ್ನ ‘ಅವರು ಯಾರು’ ಅಂದ್ನಲ್ರಿ ಅಂವ! ಅವರು ಇಲ್ಲಂದ್ರ ನಾ ಇಲ್ಲಿಗೆ ಬರ್ತಿದ್ನೇನ್ರಿ? ಅಪ್ಲಿಕೇಶನ್ ಸುದ್ದಾ ಅವರ ಕೈಲೇ ತುಂಬಿ ಕಳಿಸ್ಯಾರ.”

“ಅವನು ನಿಮ್ಮ ಸರ್‌ನ ಕೇಳ್ಲಿಲ್ಲ ಕಣೋ. ನಿನ್ನ ವಾಕ್ಯನ ಕೇಳಿದಾನೆ.”

ಅವನು ತಲೆ ಅಲ್ಲಾಡಿಸಿ ಹಿಂಡಿಯ ಡಬ್ಬಿಯ ಮುಚ್ಚಳ ಬಿಗಿದ. ವಾದ ಮಾಡಿ ಪ್ರಯೋಜನವಿಲ್ಲ ಎನ್ನಿಸಿತು. ಮೇಡಂ ಆದ ನನಗೆ ಗೊತ್ತಿದ್ದದ್ದು ವ್ಯಾಕರಣ ಒಂದೇ.

“ಒಂದು ಕೆಲಸ ಮಾಡು. ನಿನ್ನ ಮೊದಲ ಪ್ಯಾರಾನ ನಂಗೆ ಕನ್ನಡದಲ್ಲಿ ಹೇಳು. ನಿಮ್ಮೂರಲ್ಲಿ ಕಟ್ಟೆ ಮೇಲೆ ಕೂತು ಹೇಳ್ತೀಯಲ್ಲ, ಹಾಗೆ.”

ಅವನು ಒಲ್ಲದ ಮನಸ್ಸಿನಿಂದ ಶುರುಮಾಡಿದ. “ಈ ದೇಶದಾಗ ಸಮುದ್ರದ ನೆಲದಾಗಿನ ಉಪ್ಪು ತೆಗದು ಬೆಳಿ ತಗದಾರ. ಅದ ಪದ್ಧತಿ ನಮ್ಮ ಭೂಮಿಗೂ ಒಗ್ತದ…”

“ಒಗ್ಗೋದನ್ನ ನೀನು ಕಣ್ಣಾರೆ ಕಂಡಿದೀಯಾ?”

“ಇಲ್ರಿ. ಸರ್ ಹೇಳ್ಯಾರ.”

“ಕಟ್ಟೆ ಮೇಲಾದ್ರೆ ಅದನ್ನ ಹೇಗೆ ಹೇಳ್ತಿದ್ದೆ?”

ಅವನು ತುಟಿಯಲ್ಲೇ ಆ ವಾಕ್ಯವನ್ನು ಒಮ್ಮೆ ಆಡಿ ನೋಡಿದ. ಆಮೇಲೆ ಮೆಲ್ಲಗೆ, “ಒಗ್ತದಂತ,” ಎಂದ.

ನೋಡಿ, ನಮ್ಮ ಭಾಷೆಯಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಒಂದು ಗೋಡೆ ಇದೆ, ಅದರ ಹೆಸರು ‘ಅಂತೆ’. ಅವನ ಕಡೆ ಅದು ‘ಅಂತ’. ಮಳೆ ಬಂತು ಎಂದರೆ ನಾನು ನೆನೆದಿದ್ದೇನೆ. ಮಳೆ ಬಂತಂತೆ ಎಂದರೆ ನೆನೆದವರು ಬೇರೆ ಯಾರೋ. ಅಕ್ಷರ ಬಾರದ ಅಜ್ಜಿಯೂ ಇದರಲ್ಲಿ ಎಡವುವುದಿಲ್ಲ. ಇಂಗ್ಲಿಷಿನಲ್ಲಿ ಅಂಥದೊಂದು ಪ್ರತ್ಯಯವಿಲ್ಲ. ಅಲ್ಲಿ ಆ ಕೆಲಸವನ್ನು ಅಡಿಟಿಪ್ಪಣಿ ಮಾಡಬೇಕು. ಯಾರು ಹೇಳಿದ್ದು, ಎಲ್ಲಿ, ಏನು ಕಂಡು ಹೇಳಿದ್ದು ಎಂದು ಬರೆಯಬೇಕು. ಬಸವರಾಜ ಇಂಗ್ಲಿಷಿಗೆ ಹೋಗುವಾಗ ಸರ್ ಹೆಸರನ್ನು ಮಾತ್ರ ಒಯ್ದು, ತನ್ನ ‘ಅಂತ’ವನ್ನು ಊರಲ್ಲೇ ಬಿಟ್ಟು ಹೋಗಿದ್ದ, ಅಷ್ಟೆ.

ಇದನ್ನು ಹೇಳಿದಾಗ ಅವನು ನಕ್ಕ. ವಾರಗಳ ನಂತರದ ಮೊದಲ ನಗು. “ಹಂಗಾರ ಆ ಯೋಸ್ಟ್ ನನ್ನ ‘ಅಂತ’ ಎಲ್ಲಿ ಅಂತ ಕೇಳ್ಯಾನ.” ಜಾಕೆಟ್ಟಿನ ಜೇಬಿನಿಂದ ಆ ಮಡಚಿದ ಹಾಳೆ ತೆಗೆದು ಬಿಡಿಸಿದ. ಮೊದಲ ಟಿಪ್ಪಣಿಯ ಉರಿಯಲ್ಲಿ ಅವನು ಕೆಳಗಿನವನ್ನು ಓದಿಯೇ ಇರಲಿಲ್ಲ. ಎರಡನೆಯದು ಹೀಗಿತ್ತು: ‘ನಮ್ಮ ನೆಲದ ಉಪ್ಪನ್ನು ತೊಳೆದದ್ದು ಮಳೆ ಎಂದು ಶಾಲೆಯಲ್ಲಿ ಕಲಿತ ನೆನಪು. ನಿಮ್ಮಲ್ಲಿ ಅಷ್ಟು ಮಳೆ ಬರುತ್ತದೆಯೇ?’

ಬಸವರಾಜ ಕಿಟಕಿಯ ಬಳಿ ಹೋಗಿ ನಿಂತ. ಹೊರಗೆ ಅದೇ ಅಡ್ಡಮಳೆ, ತುಂಬಿ ಹರಿಯುವ ಕಾಲುವೆ.

“ಬರಂಗಿಲ್ರಿ,” ಎಂದ, ನನಗಲ್ಲ, ಗಾಜಿಗೆ ಹೇಳುವಂತೆ. “ನಮ್ಮಲ್ಲಿ ಮಳಿನ ಕಡಿಮಿ. ಮತ್ತ ಉಪ್ಪು ತೊಳಿಲಿಕ್ಕೆ ನೀರು ಎಲ್ಲಿಂದ ತರೋದು? ಇದನ್ನ ನಾ ವಿಚಾರನ ಮಾಡಿಲ್ರಿ ಮೇಡಂ. ಸಮಿತಿಯವರು ಮೊದಲ ಇದನ್ನ ಕೇಳ್ತಿದ್ರು.”

ನನ್ನ ಸರದಿ

ಆ ಅಡುಗೆಮನೆಯಿಂದ ಹೊರಡುವ ಮುಂಚೆ ಬಸವರಾಜನಿಗೆ ಒಂದು ಮಾತು ಕೊಟ್ಟಿದ್ದೆ. ಬುಧವಾರ ನನ್ನದೇ ಒಂದು ಪ್ರಬಂಧವನ್ನು ತರಗತಿಯ ಮುಂದೆ ಇಡುತ್ತೇನೆ, ಎಲ್ಲರೂ ಕತ್ತರಿಸಲಿ, ನೀನೂ ಬಂದು ಕತ್ತರಿಸು ಎಂದು. “ನಿಮ್ಮದನ್ನಾ? ನಾನಾ?” ಎಂದು ಅವನು ಕೆನ್ನೆ ಮುಟ್ಟಿಕೊಂಡಿದ್ದ.

ವ್ಯಾಕರಣವನ್ನು ಸೂತ್ರಗಳ ಮೂಲಕವೇ ಕಲಿಸಬೇಕು ಎಂಬುದು ನನ್ನ ವಾದ. ಪ್ರತಿಗಳನ್ನು ಹಂಚಿದೆ. ಪೋಲೆಂಡಿನ ಹುಡುಗಿ ನನ್ನ ಪೀಠಿಕೆಯನ್ನು ಪೂರ್ತಿ ಹೊಡೆದುಹಾಕಿದಳು. ಯೋಸ್ಟ್ ಒಂದು ವಾಕ್ಯ ಮೂರು ಸಲ ಬಂದಿದೆ ಎಂದು ತೋರಿಸಿದ. ನಾನು ನಗುತ್ತ ತಲೆಯಾಡಿಸುತ್ತಿದ್ದೆ, ಕಿವಿ ಮಾತ್ರ ಬಿಸಿಯಾಗಿತ್ತು. ಆಗ ಹಿಂದಿನ ಸಾಲಿನಲ್ಲಿ ಬಸವರಾಜ ಎದ್ದು ನಿಂತ. ಅಲ್ಲಿ ಯಾರೂ ಎದ್ದು ನಿಂತು ಮಾತಾಡುತ್ತಿರಲಿಲ್ಲ.

“ಮೇಡಂ, ಎರಡನೇ ಪ್ಯಾರಾದಲ್ಲಿ ನಿಮ್ಮ ಕಾಲೇಜಿನ ಉದಾಹರಣೆ ಒಂದೇ ಇದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ. “ಸೂತ್ರ ಕಲಿತವರು ಪಾಸಾದರು ಎಂದಿದ್ದೀರಿ. ಅವರು ಚೆನ್ನಾಗಿ ಬರೆದರೇ ಎಂದು ಹೇಳಿಲ್ಲ. ಪಾಸಾಗುವುದೂ ಬರೆಯುವುದೂ ಒಂದೇ ಅಲ್ಲ.”

ಹೇಳಿ ಮುಗಿಸಿ, ಕೂರಬೇಕೋ ಓಡಬೇಕೋ ತಿಳಿಯದೆ ನಿಂತ. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ವಿದ್ಯಾರ್ಥಿಯೊಬ್ಬ ನೀವು ಹೇಳಿದ್ದು ಸಾಲದು ಎಂದದ್ದು ಅದೇ ಮೊದಲು. ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ಇನ್ನೊಂದು ಭಾವ ಬಂತು. ಇವನು ನನ್ನದನ್ನು ಪೂರ್ತಿ ಓದಿದ್ದಾನೆ. ಇಷ್ಟು ವರ್ಷ ನನ್ನ ಮಾತನ್ನು ಬರೆದುಕೊಂಡವರು ಸಾವಿರ ಜನ. ಓದಿದವನು ಇವನೊಬ್ಬ.

“ಸರಿಯಾಗಿ ಹೇಳಿದೆ. ಕೂತ್ಕೋ,” ಎಂದೆ ಕನ್ನಡದಲ್ಲಿ.

ಅದೇ ದಿನ ಅವನು ಯೋಸ್ಟ್‌ನ ಪ್ರಬಂಧವನ್ನು ಹೊಸದಾಗಿ ಓದಿ ವಾಪಸು ಕೊಟ್ಟ. ಸಣ್ಣ ಭಾಷೆಯನ್ನು ವಿಜ್ಞಾನದಿಂದ ತೆಗೆದರೆ ಅದಕ್ಕೇನೂ ನಷ್ಟವಿಲ್ಲ ಎಂಬ ಸಾಲಿನ ಪಕ್ಕ, ‘ಹೂ ಸೇಸ್?’ ಕೆಳಗೆ, ‘ನೀನು ನಿನ್ನ ಅಜ್ಜಿಯ ಜೊತೆ ಯಾವ ಭಾಷೆ ಆಡುತ್ತೀಯ?’

ಯೋಸ್ಟ್ ಓದಿ ಕೆಂಪಾದ. “ಅಜ್ಜಿಗೆ ಗ್ರೋನಿಂಗನ್ನಿನ ಹಳ್ಳಿಮಾತು ಮಾತ್ರ ಇಷ್ಟ,” ಎಂದ. “ನನಗೆ ಅದು ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಶಾಲೆಯಲ್ಲಿ ಯಾರೂ ಕಲಿಸಲಿಲ್ಲ.” ಹಾಳೆ ಮಡಚಿಟ್ಟು ಒಮ್ಮೆಲೇ ಬಸವರಾಜನ ಬೆನ್ನಿಗೆ ಗುದ್ದಿದ. “ಇದನ್ನು ಮೊದಲೇ ಬರೆಯಬಾರದಿತ್ತೇನೋ?”

ಅಲ್ಲಿಂದ ಇಬ್ಬರೂ ಯಾವಾಗ ನೋಡಿದರೂ ಕ್ಯಾಂಟೀನಿನಲ್ಲಿ ಜಗಳ. ಶೇಂಗಾ ಹಿಂಡಿ ಮೆತ್ತಿದ ಬ್ರೆಡ್ಡು ತಿಂದು ಯೋಸ್ಟ್ ಸಿಂಬಳ ಸುರಿಸುತ್ತಿದ್ದ, ಬಸವರಾಜ ಚಾಕೊಲೇಟಿನ ಚೂರು ಉದುರಿಸಿದ ಬ್ರೆಡ್ಡು ತಿಂದು ಮುಖ ಕಿವಿಚುತ್ತಿದ್ದ. ಇಬ್ಬರೂ ಬಿಡುತ್ತಿರಲಿಲ್ಲ.

ಸಿಂಟರ್‌ಕ್ಲಾಸ್ ಹಬ್ಬ

ಡಿಸೆಂಬರಿನ ಆರಂಭದಲ್ಲಿ ಅಲ್ಲಿ ಸಿಂಟರ್‌ಕ್ಲಾಸ್ ಹಬ್ಬ ಬರುತ್ತದೆ. ಚೀಟಿ ಎತ್ತಿ, ಯಾರ ಹೆಸರು ಬಂತೋ ಅವರಿಗೆ ಒಂದು ಸಣ್ಣ ಉಡುಗೊರೆ, ಜೊತೆಗೆ ಅವರನ್ನೇ ಗೇಲಿ ಮಾಡುವ ಒಂದು ಪದ್ಯ. ಪಡೆದವರೇ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಗೇಲಿ ಜೋರಾದಷ್ಟೂ ಪ್ರೀತಿ ಜೋರು.

ನನ್ನ ಹೆಸರು ಬಂದದ್ದು ಬಸವರಾಜನಿಗೆ. ಉಡುಗೊರೆ ಒಂದು ಕೆಂಪು ಪೆನ್ನು. ಪದ್ಯ ಕನ್ನಡದಲ್ಲಿತ್ತು, ತ್ರಿಪದಿ. ಮಾತುಮಾತಿನ ನಡುವೆ ನಾನು ಹೇಳಿದ್ದ ರೈಲಿನ ಕಥೆಯನ್ನು ಅವನು ಮರೆತಿರಲಿಲ್ಲ.

ದಾರಿ ತಪ್ಪಿ ಬಂದಾಕಿ ದಾರೀಯ ತೋರ್ಯಾಳ
ಊರ ಬಿಟ್ಟವಗ ಊರಾಗಿ, ಮೇಡಮ್ಮ
ಮಾರಿಗೊಂದು ಕಾಮಾ ಹಾಕ್ಯಾಳ

ಓದುವಾಗ ಎರಡನೇ ಸಾಲಿಗೆ ಬಂದು ನನ್ನ ದನಿ ನಿಂತಿತು. ಎಲ್ಲರೂ ಅದನ್ನೂ ಪದ್ಯದ ಲಯವೆಂದು ತಿಳಿದರು. ಅನುವಾದ ಮಾಡೆಂದು ಪೀಡಿಸಿದಾಗ ಬಸವರಾಜ ಕೊನೆಯ ಸಾಲನ್ನು ಮಾತ್ರ ಮಾಡಿ ನಗಿಸಿ ಕೂತ.

ನಾನು ಹೊರಡುವ ವಾರ ಅವನ ಪ್ರಸ್ತಾವ ಸಮಿತಿಯ ಮುಂದೆ ಬಂತು. ‘ಒಗ್ಗುತ್ತದೆ’ ಎಂಬ ಮಾತು ಅದರಲ್ಲಿ ಇರಲೇ ಇಲ್ಲ. ಮಳೆ ಕಡಿಮೆಯಿರುವ ನೆಲದಲ್ಲಿ ಉಪ್ಪು ತೊಳೆಯಲು ಎಷ್ಟು ಕಡಿಮೆ ನೀರು ಸಾಕು ಎಂಬ ಪ್ರಶ್ನೆ ಇತ್ತು. ತನ್ನ ಪ್ರೊಫೆಸರಿಗೂ ಪತ್ರ ಬರೆದು, ಅವರು ಆ ಮಾತನ್ನು ಯಾವ ಪ್ರಯೋಗದ ಮೇಲೆ ಹೇಳಿದ್ದರೆಂದು ಕೇಳಿದ್ದ. ಅವರು ಕೋಪಿಸಿಕೊಳ್ಳುವ ಬದಲು ಎರಡು ಪುಟದ ಉತ್ತರ ಬರೆದಿದ್ದರು. ಅದು ಅಡಿಟಿಪ್ಪಣಿಯಾಗಿ ಸೇರಿತು. ಸಮಿತಿ ಒಪ್ಪಿತು. ಬಸವರಾಜ ಮರೈಕೆಯ ಮನೆಗೆ ಓಡಿಬಂದು ಕರೆಗಂಟೆ ಒತ್ತುವುದನ್ನೂ ಮರೆತು ಬೀದಿಯಿಂದಲೇ “ಮೇಡಂರೀ!” ಎಂದು ಕೂಗಿದ. ಪರದೆ ಎಳೆಯದ ಕಿಟಕಿಗಳಿಂದ ಇಡೀ ಬೀದಿ ಹೊರಗೆ ನೋಡಿತು.

ಗ್ರೋನಿಂಗನ್ ಸ್ಟೇಷನ್

ಮರೈಕೆ ಬಾಗಿಲಲ್ಲೇ ಬೀಳ್ಕೊಟ್ಟಳು. ಸ್ಟೇಷನ್ನಿನಲ್ಲಿ ಅಳುವುದು ತನಗೆ ಆಗದು ಎಂದು ನೇರವಾಗಿ ಹೇಳಿ, ಕೆನ್ನೆಗೆ ಮೂರು ಮುತ್ತು ಕೊಟ್ಟು, ಕೋಟು ನಿನಗೇ ಇರಲಿ ಎಂದಳು. ಹುಡುಗರಿಬ್ಬರು ನನ್ನ ಸೂಟ್‌ಕೇಸನ್ನು ಯೋಸ್ಟ್‌ನ ಸೈಕಲ್ಲಿನ ಮೇಲಿಟ್ಟು ಎರಡೂ ಬದಿ ಹಿಡಿದು ನಡೆಸಿಕೊಂಡು ಬಂದರು.

ಆ ಪ್ಲಾಟ್‌ಫಾರ್ಮಿನ ಚಳಿ ಇವತ್ತಿಗೂ ನನ್ನ ಬೆರಳುಗಳಿಗೆ ನೆನಪಿದೆ. ಊರಿಗೆ ಬಂದ ಮೇಲೆ ನನ್ನ ನೂರು ಮಕ್ಕಳನ್ನೂ ಜೋಡಿ ಮಾಡಿ ಕೂರಿಸಿದೆ, ನಿವೃತ್ತಿಯವರೆಗೂ ಬಿಡಲಿಲ್ಲ. ಆದರೆ ಆ ಶರತ್ಕಾಲದ ತರಗತಿ ನನಗೆ ಮತ್ತೆ ಸಿಗಲಿಲ್ಲ. ಕೆಲವು ಸಂಜೆ, ಯಾರದೋ ಸೈಕಲ್ ಗಂಟೆ ಕೇಳಿದರೆ, ಈಗಲೂ ನಾನು ಪಕ್ಕಕ್ಕೆ ಸರಿಯುತ್ತೇನೆ.

ರೈಲು ಬಂದು ನಿಂತಿತು. ಯೋಸ್ಟ್ ಸೂಟ್‌ಕೇಸನ್ನು ಡಬ್ಬಿಯೊಳಗೆ ಇಟ್ಟು ಇಳಿದು ಕೈಕುಲುಕಿದ. ಬಸವರಾಜ ಆ ಜನಸಂದಣಿಯ ನಡುವೆ ಥಟ್ಟನೆ ಬಗ್ಗಿ ನನ್ನ ಕಾಲು ಮುಟ್ಟಿದ.

ಯೋಸ್ಟ್‌ಗೆ ಗಾಬರಿಯಾಯಿತು. “ಏನು ಬಿತ್ತು?” ಎಂದು ತಾನೂ ಬಗ್ಗಿದ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕಿ ಕನ್ನಡಕ ಸರಿಮಾಡಿಕೊಂಡು ಬೆಂಚಿನ ಕೆಳಗೆ ಇಣುಕಿದಳು. ಕೈಚೀಲ ಹಿಡಿದು ಹೋಗುತ್ತಿದ್ದ ಒಬ್ಬಾತ ನಿಂತು, ನನ್ನ ಸೀರೆಯ ಅಂಚಿನ ಸುತ್ತ ನೆಲವನ್ನೆಲ್ಲ ಹುಡುಕತೊಡಗಿದ. ಯಾರೂ ಏನನ್ನೂ ಕೇಳಿರಲಿಲ್ಲ, ಆದರೂ ಎಲ್ಲರೂ ಹುಡುಕುತ್ತಿದ್ದರು. ನಾನು ಬಾಗಿಲ ಕಂಬಿ ಹಿಡಿದು, ನಗಲೋ ಅಳಲೋ ತಿಳಿಯದೆ, ಬಸವರಾಜನ ತಲೆಯ ಮೇಲೆ ಕೈ ಇಟ್ಟೆ.

ಸೀಟಿ ಕೇಳಿಸಿತು. ಅವನು ಎದ್ದು ನಿಂತು ಕಣ್ಣೊರೆಸಿಕೊಂಡ. ಮುದುಕಿ ಅವನ ತೋಳು ಮುಟ್ಟಿ ಡಚ್ಚಿನಲ್ಲಿ ಕೇಳಿದಳು, ಸಿಕ್ಕಿತೇನಪ್ಪಾ ಎಂದು.

“ಯಾ,” ಎಂದ ಬಸವರಾಜ. ಆಮೇಲೆ ನನ್ನ ಕಡೆ ನೋಡಿ, “ಸಿಕ್ತು.”